ಬೆಳಿಗ್ಗೆ ಕೊಯ್ದು ಸಂಜೆಗೆ ಮನೆಗೆ

ಕೊಳ್ಳೇಗಾಲದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಆಪರೇಷನ್ ವಾರ್ಡಿನ ಹಿರಿಯ ನರ್ಸು ಶಿವರತ್ನಮ್ಮ. ಹುಟ್ಟೂರು ಮಾಂಬಳ್ಳಿ, ವಯಸ್ಸು ಐವತ್ತೇಳು, ಅದೇ ವಾರ್ಡಿನಲ್ಲಿ ಮೂವತ್ತೊಂದು ವರ್ಷದ ಚಾಕರಿ. ಎಲ್ಲರ ಬಾಯಲ್ಲೂ ರತ್ನಮ್ಮ ಸಿಸ್ಟರ್. ಈ ವಾರ್ಡಿನ ಒಳಗೆ ಬರುವುದಕ್ಕೆ ಡಾಕ್ಟರ ಸಹಿ ಸಾಕು, ಹೊರಗೆ ಹೋಗುವುದಕ್ಕೆ ಮಾತ್ರ ರತ್ನಮ್ಮನ ಮನಸ್ಸು ಕರಗಬೇಕು ಎಂದು ಆಯಾಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಹರ್ನಿಯಾ ಆಪರೇಷನ್ ಆಗಿ ನಾಲ್ಕು ದಿನವಾದವನು ಬಟ್ಟೆ ಗಂಟು ಕಟ್ಟಿಕೊಂಡು ನಿಂತರೂ, ಮೈ ಒಂದಿಷ್ಟು ಬೆಚ್ಚಗಿದೆ ಎನ್ನುವರು. ಬೆಚ್ಚಗಿಲ್ಲದಿದ್ದರೆ ಹೊಲಿಗೆ ಕೆಂಪಗಿದೆ ಎನ್ನುವರು. ಅದೂ ಇಲ್ಲವಾದರೆ ಆಕಾಶ ನೋಡಿ, ಮಳೆ ಬರೋ ಹಾಗಿದೆ, ಇನ್ನೊಂದು ದಿನ ಇದ್ದುಬಿಡಿ ಎನ್ನುವರು.

ಜನ ಅದನ್ನು ಅಂತಃಕರಣ ಎಂದುಕೊಂಡಿದ್ದರು. ಕೆಲವರು ಜಂಬ ಎಂದರು. ಎರಡೂ ಅಲ್ಲ. ಅದು ಭಯ. ಕೊಯ್ದ ಮೈಯನ್ನು ಕಣ್ಣಳತೆಯಿಂದ ಆಚೆಗೆ ಕಳಿಸಬೇಕು ಎಂದರೆ ರತ್ನಮ್ಮನವರ ಕೈಕಾಲು ತಣ್ಣಗಾಗುತ್ತಿತ್ತು. ಆದರೆ ಮೂವತ್ತೊಂದು ವರ್ಷ ಬಿಳಿ ಸೀರೆ ಉಟ್ಟವರು ತಮಗೆ ಭಯ ಎಂದು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ?

ಹೇಳಿಸಿದವರು ಡಾಕ್ಟರ್ ನಾಗಶ್ರೀ. ಯಳಂದೂರಿನ ಹುಡುಗಿ, ಮೂವತ್ತೈದು ದಾಟಿಲ್ಲ, ಕೈಯಲ್ಲಿ ಕತ್ತರಿ ಹಿಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದಂಥ ಕೆಲಸ. ಆಕೆ ಬಂದಾಗ ಹರ್ನಿಯಾ ಆಪರೇಷನ್ನಿಗೆ ಆರು ತಿಂಗಳು ಕಾಯಬೇಕಾಗಿತ್ತು, ಏಕೆಂದರೆ ಹಾಸಿಗೆ ಖಾಲಿಯಾಗುತ್ತಿರಲಿಲ್ಲ. ಹಾಗೆ ಕಾಯುತ್ತಿದ್ದ ಶಿವನಂಜಯ್ಯ ಎಂಬ ಎತ್ತಿನ ಗಾಡಿಯವನಿಗೆ ಇಳಿದ ಕರುಳು ತಿರುಚಿಕೊಂಡು, ಮೈಸೂರಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಅದಾದ ಮರುದಿನ ಡಾಕ್ಟರು ರತ್ನಮ್ಮನವರ ಮುಂದೆ ಒಂದು ನೋಟುಪುಸ್ತಕ ಇಟ್ಟರು.

"ಸಿಸ್ಟರ್, ಒಂದು ತಿಂಗಳು ಇಷ್ಟು ಮಾಡಿ. ಯಾರು ರಾತ್ರಿ ಉಳೀತಾರೋ ಅವರು ಯಾಕೆ ಉಳಿದ್ರು ಅಂತ ನಿಜವಾದ ಕಾರಣ ಬರೀರಿ. ನನಗೆ ಒಪ್ಪೋ ಕಾರಣ ಬೇಡ, ನಿಜವಾದದ್ದು."

ರತ್ನಮ್ಮ ಬರೆದರು. ಬಸ್ಸು ತಪ್ಪಿತು. ಚೀಟಿ ಬರೆಯಲು ಡಾಕ್ಟರು ಬರಲಿಲ್ಲ. ಕರೆದೊಯ್ಯಲು ಮಗ ಬರಲಿಲ್ಲ. ಹೀಗೇ ಬರೆಯುತ್ತ ಒಂದು ಸಂಜೆ, ಮಲಗಿದ್ದವನಿಗೆ ಏನೂ ಆಗಿಲ್ಲದ್ದನ್ನು ಕಂಡು, ಪೆನ್ನು ಕಚ್ಚಿ ಸುಮಾರು ಹೊತ್ತು ಕೂತು, ಕೊನೆಗೆ 'ಸಿಸ್ಟರಿಗೆ ಧೈರ್ಯ ಬರಲಿಲ್ಲ' ಎಂದು ಬರೆದರು. ತಿಂಗಳ ಕೊನೆಯಲ್ಲಿ ನೋಡಿದರೆ ಆ ಸಾಲು ಹನ್ನೊಂದು ಕಡೆ ಇತ್ತು. ನಗುತ್ತಾರೆ ಎಂದು ಮುಖ ಬಿಗಿದುಕೊಂಡು ನಿಂತಿದ್ದರು. ಡಾಕ್ಟರು ನಗಲಿಲ್ಲ. "ಏನೇನಾಗಬಹುದು ಅಂತ ಭಯ? ಒಂದೊಂದಾಗಿ ಹೇಳಿ," ಎಂದು ಕೇಳಿ ಬರೆದುಕೊಂಡರು.

ರಕ್ತ ಸೋರಬಹುದು. ಬೆನ್ನಿಗೆ ಹಾಕಿದ ಸೂಜಿಯ ಜೋಮು ಬಿಡದೆ ಉಚ್ಚೆ ಕಟ್ಟಬಹುದು. ನೋವು ತಡೆಯದೆ ಹೋಗಬಹುದು. ಮನೆಯಲ್ಲಿ ಯಾರೂ ಇಲ್ಲದಿರಬಹುದು. ಕರೆದರೆ ಕೇಳುವವರಿಲ್ಲದಿರಬಹುದು. ಆ ಭಯಗಳೇ ಒಂದು ಹಳದಿ ಕಾರ್ಡಿನ ಮೇಲೆ ಸಾಲುಸಾಲಾಗಿ ಅಚ್ಚಾದವು. ಪ್ರತಿ ಸಾಲಿಗೂ ಗೀಟು ಬಿದ್ದರೆ ಮಾತ್ರ ಮನೆಗೆ. ಮೊದಲ ವಾರ ಒಬ್ಬನೇ ರೋಗಿ, ಅದೂ ಆಸ್ಪತ್ರೆಯ ಹಿಂದಿನ ಬೀದಿಯವನು. ಮರುದಿನ ಬೆಳಿಗ್ಗೆ ಎಲ್ಲರೂ ಹತ್ತು ನಿಮಿಷ ನಿಂತುಕೊಂಡೇ ಮಾತಾಡಿ, ಎಲ್ಲಿ ಎಡವಿದೆವು ಎಂದು ನೋಡಿ, ಕಾರ್ಡು ತಿದ್ದಿದರು. ಆಮೇಲೆ ಇಬ್ಬರು, ಆಮೇಲೆ ಐವರು. ಸಂಜೆ ಆರಕ್ಕೆ ರತ್ನಮ್ಮನವರೇ ಪ್ರತಿ ಮನೆಗೂ ಫೋನು ಮಾಡುವುದು ಕಟ್ಟಳೆಯಾಯಿತು. ಮೊದಲು ಪೇಟೆಯೊಳಗಿನವರು, ನಂತರ ಯಳಂದೂರು, ಮಾಂಬಳ್ಳಿ ಕಡೆಯವರು, ನಂತರ ಹನೂರಿನವರು. ಒಂದೂವರೆ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬೆಳಿಗ್ಗೆ ಬಂದು ಸಂಜೆ ಮನೆ ಸೇರಿದರು. ಕಾಯುವುದು ಆರು ತಿಂಗಳಿಂದ ಮೂರು ವಾರಕ್ಕೆ ಇಳಿಯಿತು. ಡಾಕ್ಟರು ಹಿಗ್ಗಿದರು. ರತ್ನಮ್ಮ ಪ್ರತಿ ಸಂಜೆ ಆರಾಗುವವರೆಗೆ ಕಾಫಿ ಕೂಡ ಕುಡಿಯುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಡಾಕ್ಟರು ಇನ್ನೊಂದು ಹೆಜ್ಜೆ ಇಡೋಣ ಎಂದರು. ಲೊಕ್ಕನಹಳ್ಳಿ. ಕಾಡಿನ ಅಂಚು, ಕತ್ತಲಾದರೆ ರಸ್ತೆಯಲ್ಲಿ ಆನೆ, ಫೋನಿಗೆ ಸಿಗ್ನಲ್ಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ರತ್ನಮ್ಮ ಬೇಡ ಎಂದರು. ಎರಡು ದಿನ ಬೇಡ ಎಂದರು. ಮೂರನೆಯ ದಿನ, ಅಲ್ಲಿಯ ಆಶಾ ಕಾರ್ಯಕರ್ತೆ ಕುಸುಮಳ ನಂಬರನ್ನೂ ಕಾರ್ಡಿಗೆ ಸೇರಿಸಿದರೆ ಆಗಲಿ ಎಂದು ಒಪ್ಪಿದರು.

ಮೊದಲನೆಯವನಾಗಿ ಬಂದದ್ದು ಮುತ್ತಯ್ಯ. ಐವತ್ತರ ಮೇಲಿನ ಬಡಕಲು ಆಳು, ಊರ ಹೊರಗೆ ಕಾಡಿಗೆ ತಾಗಿದಂತೆ ಎರಡೆಕರೆ ರಾಗಿ, ಅಲ್ಲೇ ಮನೆ. ಜೊತೆಗೆ ಹೆಂಡತಿ ದೊಡ್ಡಮಾದಮ್ಮ. ಒಂಬತ್ತಕ್ಕೆ ಹರ್ನಿಯಾ ಆಪರೇಷನ್ ಆಯಿತು, ಹತ್ತೂವರೆಗೆ ವಾರ್ಡಿಗೆ ಬಂದ. ಕಣ್ಣು ಬಿಟ್ಟಾಗಿನಿಂದ ಮುತ್ತಯ್ಯನದು ಒಂದೇ ರಾಗ.

"ಯಾವಾಗ ಕಳುಸೀರಿ ಅವ್ವ? ರಾಗಿ ಬಲ್ತದ. ನಮ್ ಬಾಮೈದ ಒಬ್ನೇ ಅಟ್ಟಣೆ ಮ್ಯಾಲ ಕೂತವ್ನ. ನೆನ್ನ ಮೂರು ಆನ ಪಕ್ಕದ ಒಲ ತುಳ್ದೋದೊ."

ಅಟ್ಟಣೆ ಎಂದರೆ ಬೆಳೆ ಕಾಯಲು ಮರದ ಮೇಲೆ ಕಟ್ಟಿದ ಮಂಚಿಕೆ. ಆಪರೇಷನ್ ಆದವನು ಅದನ್ನು ಹತ್ತುವ ಹಾಗಿಲ್ಲ ಎಂದು ರತ್ನಮ್ಮ ಗದರಿದರು. ಅತ್ತಲ್ಲ ಕಣವ್ವ, ಕೆಳಗಿಂದ್ಲೇ ಕೂಗು ಹಾಕ್ತೀನಿ ಎಂದ. ಮೂರು ಗಂಟೆಗೆ ಕಾರ್ಡು ಹಿಡಿದು ಸಾಲುಸಾಲಾಗಿ ಕೇಳಿದರು. ನೋವು ತಡೆಯುವಷ್ಟಿದೆಯಾ, ಪಟ್ಟಿ ಒಣಗಿದೆಯಾ, ವಾಂತಿ ಇಲ್ಲ ತಾನೇ.

"ಉಚ್ಚೆ ಹೊಯ್ದ್ರಾ?"

ಮುತ್ತಯ್ಯ ಗೋಡೆಯ ಕಡೆ ಮುಖ ಮಾಡಿ, "ಊ, ಆಯ್ತು," ಎಂದ. ದೊಡ್ಡಮಾದಮ್ಮ ಸೆರಗಿನ ತುದಿ ಹೊಸೆಯುತ್ತ ನೆಲ ನೋಡುತ್ತಿದ್ದಳು. ರತ್ನಮ್ಮ ಗೀಟು ಹಾಕಿದರು. ನಾಲ್ಕು ಗಂಟೆಗೆ ಆಸ್ಪತ್ರೆಯವರೇ ಗೊತ್ತು ಮಾಡಿದ ಆಟೋ ಅವರಿಬ್ಬರನ್ನು ಹತ್ತಿಸಿಕೊಂಡು ಹೋಯಿತು.

ಆರಕ್ಕೆ ಫೋನು ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಆರೂ ಐದಕ್ಕೂ ಅದೇ. ಆರೂ ಹತ್ತಕ್ಕೂ ಅದೇ.  ರತ್ನಮ್ಮ ಕುಸುಮಳಿಗೆ ಮಾಡಿದರು. ಈಗಲೇ ಹೋಗಿ ನೋಡುತ್ತೇನೆ ಎಂದ ಅವಳು ತಿರುಗಿ ಮಾಡುವ ಹೊತ್ತಿಗೆ ಮತ್ತೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ರತ್ನಮ್ಮ ಮುತ್ತಯ್ಯನನ್ನು ಮನಸ್ಸಿನಲ್ಲೇ ಮೂರು ಸಲ ಸಾಯಿಸಿದರು. ಒಮ್ಮೆ ರಕ್ತ ಸೋರಿ, ಒಮ್ಮೆ ಅಟ್ಟಣೆಯಿಂದ ಬಿದ್ದು, ಒಮ್ಮೆ ಆನೆಯ ಕಾಲಿಗೆ ಸಿಕ್ಕಿ.

"ಮೇಡಂ," ಕುಸುಮ ಏದುಸಿರು ಬಿಡುತ್ತಿದ್ದಳು, "ಅವ್ರ ಕೆಳೊಟ್ಟೆ ಉಬ್ಬಿ ಕಲ್ಲಾಗದ. ಬೆಳಿಗ್ಗಿಂದ ಒಂದು ತೊಟ್ಟೂ ಉಚ್ಚ ಒಯ್ದಿಲ್ವಂತ. ಮೈಯೆಲ್ಲ ಬೆವ್ತು ಒದ್ದಾಡ್ತಾವ್ರ. ನೀರು ಕುಡುದ್ರ ಇನ್ನೂ ತುಂಬ್ತದ ಅಂತ ಒಂದು ಗುಟುಕು ನೀರೂ ಕುಡ್ದಿಲ್ಲ."

 ರತ್ನಮ್ಮ ಕಾರ್ಡು ತೆಗೆದು ನೋಡಿದರು. ಉಚ್ಚೆಯ ಸಾಲಿನ ಮುಂದೆ ತಮ್ಮದೇ ಕೈಯ ಗೀಟು.

ಡಾಕ್ಟರು ಥಿಯೇಟರಿನಲ್ಲಿದ್ದರು. ಒಡೆದ ಅಪೆಂಡಿಕ್ಸಿನ ಹುಡುಗಿಯೊಬ್ಬಳು ಮೇಜಿನ ಮೇಲೆ. ಆಂಬುಲೆನ್ಸು ಹೆರಿಗೆಯವಳನ್ನು ಕರೆದುಕೊಂಡು ಹೋಗಿತ್ತು, ಬರಲು ಎರಡು ಗಂಟೆ. ಥಿಯೇಟರಿನ ಬಾಗಿಲಲ್ಲಿ ನಿಂತು ವಿಷಯ ಹೇಳಿದಾಗ ಒಳಗಿನಿಂದ ಡಾಕ್ಟರು, "ಆಸ್ಪತ್ರೆ ಜೀಪು ತಗೊಂಡು ನೀವೇ ಹೋಗಿ ಉಚ್ಚೆ ಪೈಪು ಹಾಕಿ, ಸಿಸ್ಟರ್. ನಿಮ್ಮಷ್ಟು ಹಾಕಿದವರು ಇಲ್ಲಿ ಯಾರೂ ಇಲ್ಲ," ಎಂದರು. ಪೈಪು, ಚೀಲ, ಕೈಗವಸು, ಔಷಧಿ ಎಲ್ಲ ಒಂದು ಬುಟ್ಟಿಗೆ ತುಂಬಿಕೊಂಡು ಡ್ರೈವರ್ ನಾಗರಾಜುವನ್ನು ಎಬ್ಬಿಸಿಕೊಂಡು ಹೊರಟರು. ಆಗಲೇ ಕತ್ತಲು ಕವಿಯುತ್ತಿತ್ತು.

ಲೊಕ್ಕನಹಳ್ಳಿಗೆ ಇನ್ನು ಕಾಲು ಗಂಟೆಯ ದಾರಿ ಇರುವಾಗ ಅರಣ್ಯದ ಕಾವಲಿನವನು ಟಾರ್ಚು ಬೀಸಿ ಜೀಪು ನಿಲ್ಲಿಸಿದ.

"ಲೈಟ್ ಆರುಸ್ಲಾ. ಮುಂದ ತಿರುವ್ನಲ್ಲಿ ಮರಿ ಕಟ್ಕೊಂಡು ನಿಂತದ. ಅದು ದಾಟೋಗಂಟ ಅಲ್ಲಾಡ್ಬ್ಯಾಡಿ."

ನಾಗರಾಜು ಎಂಜಿನ್ನನ್ನೂ ಆರಿಸಿದ. ಕೊಂಬೆ ಮುರಿಯುವ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೆ ಹೋಗುವಂತಿಲ್ಲ, ಅತ್ತ ದರಿ ಇತ್ತ ಪುಲಿ. ರತ್ನಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತರು. ಆನೆಯ ಭಯ ಅವರಿಗೆ ಅಷ್ಟಾಗಿ ಆಗಲಿಲ್ಲ. ಅವರನ್ನು ಹಿಡಿದದ್ದು ನಲವತ್ತು ವರ್ಷದ ಹಳೆಯ ಭಯ.

ಆಗ ಅವರಿಗೆ ಹದಿನೇಳು. ಅಕ್ಕ ಶಂಕರಮ್ಮನನ್ನು ಹನೂರಿನ ಆಚೆಗೆ ಕೊಟ್ಟಿದ್ದರು. ಎರಡು ಮಕ್ಕಳಾದ ಮೇಲೆ ಒಂದು ಇಸ್ಕೂಲಿನಲ್ಲಿ ನಡೆದ ಕ್ಯಾಂಪಿನಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸಿದರು. ಜೊತೆಗೆ ಹೋದದ್ದು ರತ್ನಮ್ಮನೇ. ಬೆಂಚುಗಳ ಮೇಲೆ ನಲವತ್ತು ಹೆಂಗಸರು. ಬೆಳಿಗ್ಗೆ ಆಪರೇಷನ್, ಮಧ್ಯಾಹ್ನ ಎಲ್ಲರನ್ನೂ ವ್ಯಾನಿಗೆ ತುಂಬಿ ಅವರವರ ಊರಿನ ದಾರಿಯಲ್ಲಿ ಇಳಿಸಿದರು. ಆಮೇಲೆ ಯಾರೂ ಬಂದು ನೋಡಲಿಲ್ಲ. ನಾಲ್ಕನೆಯ ದಿನ ಅಕ್ಕ ಹೊಟ್ಟೆ ಉಬ್ಬಿ ಸತ್ತಳು. ಅವತ್ತೇ ಮನೆಗೆ ಕಳಿಸಿದರು, ಅದಕ್ಕೇ ಹೋದಳು ಎಂದು ರತ್ನಮ್ಮ ನಲವತ್ತು ವರ್ಷ ತಮ್ಮೊಳಗೇ ಹೇಳಿಕೊಂಡು ಬಂದಿದ್ದರು. ನರ್ಸು ಓದಿದ್ದೂ ಅದಕ್ಕೇ.

ತಮಗೆ ತಾವೂ ಹೇಳಿಕೊಳ್ಳದ ಇನ್ನೊಂದು ಮಾತಿತ್ತು. ಎರಡನೆಯ ದಿನ ಸಂಜೆ ಅಕ್ಕ ಮಗ್ಗುಲಾಗಿ ಮುದುರಿ ಮಲಗಿದ್ದಳು. ಹೊಟ್ಟೆ ನೋಯ್ತದಾ ಎಂದು ರತ್ನಮ್ಮ ಕೇಳಿದ್ದರು. ಜಗಲಿಯ ಮೇಲೆ ಅಕ್ಕನ ಮಾವ ಕೂತಿದ್ದ. ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿ, ಏನಿಲ್ಲ ಕಣೇ, ಎಂದಳು. ರತ್ನಮ್ಮ ಹೊಟ್ಟೆ ಮುಟ್ಟಿ ನೋಡಲಿಲ್ಲ. ಮರುದಿನ ಪರೀಕ್ಷೆ ಇದೆಯೆಂದು ಬಸ್ಸು ಹತ್ತಿ ಮಾಂಬಳ್ಳಿಗೆ ಬಂದುಬಿಟ್ಟರು. ಜೀಪಿನ ಕತ್ತಲಲ್ಲಿ ಕೂತು ರತ್ನಮ್ಮನವರಿಗೆ ಅದು ಈಗ ಆದ ಹಾಗೆ ಕಂಡಿತು. ಅಕ್ಕನ ಏನಿಲ್ಲ ಎಂಬ ಮಾತು, ಮುತ್ತಯ್ಯನ ಆಯ್ತು ಎಂಬ ಮಾತು. ಎರಡನ್ನೂ ನಂಬಿದವರು ತಾವೇ. ಅಳು ಬಂತು. ನಾಗರಾಜು ಕೇಳಿಸಿಕೊಂಡರೂ ತಿರುಗಿ ನೋಡಲಿಲ್ಲ.

ಅರ್ಧ ಗಂಟೆಯಾದ ಮೇಲೆ ಕಾವಲಿನವನು ಹೋಗಿ ಎಂದು ಟಾರ್ಚು ಬೀಸಿದ.

ಮನೆಯ ಬಾಗಿಲಲ್ಲೇ ಮುತ್ತಯ್ಯನ ನರಳಾಟ ಕೇಳಿಸುತ್ತಿತ್ತು. ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಹಲ್ಲು ಕಚ್ಚಿಕೊಂಡಿದ್ದ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಕುಸುಮ ದೀಪ ಹಿಡಿದಳು. ರತ್ನಮ್ಮ ಮೊದಲು ಪಟ್ಟಿ ಬಿಚ್ಚಿ ಗಾಯ ನೋಡಿದರು. ಒಣಗಿತ್ತು. ಹೊಟ್ಟೆ ಮುಟ್ಟಿದರು. ಹೊಕ್ಕುಳವರೆಗೂ ಬಿಗಿದು ನಿಂತಿತ್ತು. ಕೈ ತೊಳೆದು ಗವಸು ಹಾಕಿಕೊಂಡರು. ಪೈಪು ಕೈಗೆ ಬಂದ ಮೇಲೆ ಮೂವತ್ತೊಂದು ವರ್ಷದ ಅಭ್ಯಾಸ ತಾನಾಗಿಯೇ ಮುಂದೆ ಹೋಯಿತು. ಚೀಲ ತುಂಬತೊಡಗಿತು. ಅರ್ಧ ಲೀಟರ್, ಮುಕ್ಕಾಲು, ಒಂದು, ಅದರ ಮೇಲೆ ಇನ್ನೂರು. ಮುತ್ತಯ್ಯನ ಮೈ ಸಡಿಲಾಗಿ, ಬಾಯಿ ತೆರೆದು ಒಂದು ದೊಡ್ಡ ಉಸಿರು ಬಿಟ್ಟು, ಮಗುವಿನ ಹಾಗೆ ಅತ್ತ.

"ಯಾಕಪ್ಪ ಸುಳ್ಳು ಹೇಳ್ದೆ?" ಎಂದು ರತ್ನಮ್ಮ ಕೇಳಿದರು.

"ಎಣ್ಣೆಂಗುಸ್ರು ಕೇಳುದ್ರಿ. ಆಗಿಲ್ಲ ಅಂತ ಎಂಗೇಳನ ಅವ್ವ. ಆಗಿಲ್ಲ ಅಂದ್ರ ಬುಡ್ತಿದ್ದಿರಾ ನೀವು? ಮನ್ಗೋದ್ರ ಬತ್ತದ ಅಂದ್ಕಂಡಿ."

"ನಿಂಗೂ ಗೊತ್ತಿತ್ತಾ?" ಎಂದು ದೊಡ್ಡಮಾದಮ್ಮನ ಕಡೆ ತಿರುಗಿದರು.

"ಗೊತ್ತಿತ್ತು ಕಣವ್ವ. ಗಂಡ ಆಯ್ತು ಅಂದ್ಮ್ಯಾಲ ನಾಕ್ ಜನ್ರ ಮುಂದ ಇಲ್ಲ ಅನ್ನಕಾದ್ದ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಲ್ಲಿ ಹೇಗೋ ಒಂದು ಗೀಟಿನಷ್ಟು ಸಿಗ್ನಲ್ಲು ಸಿಕ್ಕಿತ್ತು. ಡಾಕ್ಟರ್ ನಾಗಶ್ರೀ. ವಿಷಯ ಕೇಳಿಸಿಕೊಂಡು, "ಅವರನ್ನ ಕರ್ಕೊಂಡು ಬಂದ್ಬಿಡಿ ಸಿಸ್ಟರ್," ಎಂದರು. ಆ ದನಿ ರತ್ನಮ್ಮನವರಿಗೆ ಹೊಸದು. "ಅಡ್ಮಿಟ್ ಮಾಡೋಣ. ನಾಳೆಯಿಂದ ಹನೂರು ದಾಟಿ ಯಾರನ್ನೂ ಕಳಿಸೋದು ಬೇಡ. ನಂದೇ ತಪ್ಪು. ಆತುರಗಾರರಿಗೆ ಬುದ್ಧಿ ಮಟ್ಟ ಅನ್ನೋದು ಸುಮ್ನೆ ಅಲ್ಲ."

ಈ ಮಾತಿಗಾಗಿಯೇ ರತ್ನಮ್ಮ ಒಂದೂವರೆ ವರ್ಷ ಕಾದಿದ್ದರು ಎಂದರೂ ನಡೆದೀತು. ಜೀಪು ಬಾಗಿಲಲ್ಲಿತ್ತು. ದೊಡ್ಡಮಾದಮ್ಮ ಆಗಲೇ ಮರುಮಾತಾಡದೆ ಬಟ್ಟೆ ಗಂಟು ಕಟ್ಟತೊಡಗಿದ್ದಳು. ಹ್ಞೂ ಎಂದರೆ ಮುತ್ತಯ್ಯ ಇನ್ನೊಂದು ಗಂಟೆಯಲ್ಲಿ ತಮ್ಮ ವಾರ್ಡಿನಲ್ಲಿ, ತಮ್ಮ ಕಣ್ಣ ಮುಂದೆ ಮಲಗಿರುತ್ತಿದ್ದ. ನಾಳೆಯಿಂದ ಈ ಭಯವೂ ಇರುತ್ತಿರಲಿಲ್ಲ.

"ಬೇಡ ಮೇಡಂ," ಎಂದರು. ಹೇಳಿದ ಮೇಲೆ ತಮಗೇ ಹೆದರಿಕೆಯಾಯಿತು. "ಇವ್ರು ಇಲ್ಲೇ ಇರ್ಲಿ. ಗಾಯ ಚೆನ್ನಾಗದೆ. ದಾರೀಲಿ ಆನೆ ಅದೆ, ಹಸಿ ಹೊಲಿಗೇನ ಜೀಪಲ್ಲಿ ಕುಲುಕಿಸೋದು ಯಾಕೆ? ಪೈಪು ನಾಡಿದ್ದು ತೆಗ್ದ್ರಾಯ್ತು."

"ಇನ್ನೊಬ್ಬರಿಗೂ ಹಿಂಗೇ ಆದ್ರೆ?"

"ಕಳಿಸಿದ್ದು ತಪ್ಪಲ್ಲ ಮೇಡಂ. ನಾನು ಕೇಳಿದ್ದು ತಪ್ಪು. ನಾನು ಬಾಯಲ್ಲಿ ಕೇಳ್ದೆ, ಅವ್ರು ಬಾಯಲ್ಲಿ ಹೇಳುದ್ರು, ನಾನು ಗೀಟು ಹಾಕ್ದೆ. ಇನ್ಮೇಲೆ ಕೇಳೋದು ಬೇಡ, ಅಳತೆ ಜಗ್ಗು ಕೊಡೋಣ. ಗಂಡಸರಿಗೆ ಗಂಡಸರೇ ಕೊಡ್ಲಿ. ಕಣ್ಣಾರೆ ಕಂಡ ಮೇಲೆ ಬರೆಯೋಣ. ನಾವು ಈ ಕಡೆಯೋರ್ನ ನಿಲ್ಲಿಸ್ಬಿಟ್ರೆ ಮತ್ತೆ ಆರಾರು ತಿಂಗ್ಳು ಕಾಯ್ತಾರೆ. ಶಿವನಂಜಯ್ಯ ಕಾಯ್ತಾ ಇದ್ದೋನೇ ಅಲ್ವಾ?"

ಆ ಕಡೆಯಿಂದ ಉತ್ತರ ಬರುವ ಮುಂಚೆ ಸಿಗ್ನಲ್ಲು ಹೋಯಿತು.

ರತ್ನಮ್ಮ ದೊಡ್ಡಮಾದಮ್ಮನನ್ನು ಕೂರಿಸಿಕೊಂಡು ಚೀಲದ ಮೂತಿ ತೆಗೆಯುವುದು, ಸುರಿಯುವುದು, ಮುಚ್ಚುವುದು ತೋರಿಸಿದರು. ತಿಳಿಯಿತಾ ಎಂದು ಕೇಳಲಿಲ್ಲ. ಅವಳ ಕೈಯಲ್ಲೇ ಮೂರು ಸಲ ಮಾಡಿಸಿದರು. ಮೊದಲ ಸಲ ನೆಲಕ್ಕೆ ಚೆಲ್ಲಿದಳು, ಎರಡನೆಯ ಸಲ ಮುಚ್ಚುವುದು ಮರೆತಳು, ಮೂರನೆಯ ಸಲ ಸರಿಯಾಯಿತು. ಮುತ್ತಯ್ಯನಿಗೆ ತಾವೇ ಎತ್ತಿ ಒಂದು ಚೊಂಬು ನೀರು ಕುಡಿಸಿದರು. ಬೆಳಿಗ್ಗೆ ಆರಕ್ಕೆ ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ ಫೋನು ಮಾಡಬೇಕು ಎಂದು ಹೇಳಿ ಜೀಪು ಹತ್ತಿದರು. ಹೊರಟ ಮೇಲೆ ಎರಡು ಸಲ ನಿಲ್ಲಿಸು ಎನ್ನಲು ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡರು.

ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗಲೇ ದೊಡ್ಡಮಾದಮ್ಮನ ಫೋನು ಬಂತು.

"ಎಲ್ಡು ಸತಿ ಸುರುದಿ ಕಣವ್ವ. ತಿಳಿಯಾಗದ. ಜರ ಇಲ್ಲ. ಗಂಜಿ ಕುಡುದ್ರು."

"ನೀನೇ ನೋಡ್ದ್ಯಾ, ಅವ್ರು ಹೇಳಿದ್ದಾ?"

"ನಾನೇ ನೋಡ್ದಿ. ಅವ್ರ ಮಾತ ಇನ್ಯಾರವ್ವ ನಂಬರು."

ಬೆಳಗಿನ ನಿಂತ ಸಭೆಯಲ್ಲಿ ರತ್ನಮ್ಮ ಆದದ್ದನ್ನೆಲ್ಲ ಹೇಳಿದರು, ತಮ್ಮ ಗೀಟನ್ನೂ ಬಿಡದೆ. ಅಕ್ಕನ ವಿಷಯವನ್ನೂ ಹೇಳಿದರು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.  ಡಾಕ್ಟರು ಕಾರ್ಡು ತೆಗೆದುಕೊಂಡು ಉಚ್ಚೆ ಆಯಿತೇ ಎಂಬ ಸಾಲನ್ನು ಹೊಡೆದುಹಾಕಿ, ಅಳತೆ ಎಷ್ಟು ಎಂದು ಬರೆದರು. ಆಮೇಲೆ ಆ ದಿನದ ಪಟ್ಟಿಯನ್ನು ರತ್ನಮ್ಮನವರ ಕೈಗೆ ಕೊಟ್ಟರು. ಎರಡನೆಯ ಹೆಸರು ಶಿವಮ್ಮ, ಹೊಕ್ಕುಳ ಹರ್ನಿಯಾ, ಲೊಕ್ಕನಹಳ್ಳಿಯಿಂದಲೂ ಒಳಗೆ, ಕಾಡಿನ ಜನರ ಒಂದು ಹಾಡಿಯ ಪಕ್ಕದ ಊರು.

"ಇವರನ್ನ ಉಳಿಸ್ಕೊಳ್ಳೋದಾ, ಕಳಿಸೋದಾ, ನೀವೇ ಹೇಳಿ ಸಿಸ್ಟರ್," ಎಂದರು.

ಮಧ್ಯಾಹ್ನ ಮೂರಕ್ಕೆ ಶಿವಮ್ಮ ಸೀರೆ ಸರಿಮಾಡಿಕೊಂಡು, "ಎಲ್ಲ ಆಯ್ತು ಕಣವ್ವ, ಓಯ್ತೀನಿ," ಎಂದಳು. ರತ್ನಮ್ಮ ಜಗ್ಗು ಅವಳ ಕೈಗಿತ್ತು ಬಚ್ಚಲಿನ ಬಾಗಿಲ ಹೊರಗೆ ನಿಂತರು. ಆಟೋದವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ನಲವತ್ತು ನಿಮಿಷ ನಿಂತರು. ಕೊನೆಗೆ ಜಗ್ಗು ಹೊರಗೆ ಬಂತು, ಮುನ್ನೂರರ ಗೆರೆ ದಾಟಿತ್ತು. ಹೊಟ್ಟೆ ಮುಟ್ಟಿ ನೋಡಿದರು. ಮೆತ್ತಗಿತ್ತು. ಕಾರ್ಡಿನಲ್ಲಿ ಅಳತೆ ಬರೆದು ಸಹಿ ಹಾಕಿದರು.

ಶಿವಮ್ಮನ ಆಟೋ ಗೇಟು ದಾಟಿ ಹೋಯಿತು. ರತ್ನಮ್ಮ ಒಳಗೆ ಬಂದು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಗಡಿಯಾರ ನೋಡಿದರು. ಆರಾಗಲು ಇನ್ನೂ ಎರಡು ಗಂಟೆ ಹತ್ತು ನಿಮಿಷ ಇತ್ತು.